ಗದ್ದೆಗೆ ಹೋಗದ ನಾಲೆಯಲ್ಲಿ ನಾಲ್ಕು ದಿನ

ಕಿಂಗ್ಸ್‌ವುಡ್

"ಈ ನೀರು ಯಾವ ಗದ್ದೆಗೆ ಹೋಗುತ್ತೆ?" ಎಂದು ನಾನು ಕೇಳಿದಾಗ ದೋಣಿ ಬಾಡಿಗೆಗೆ ಕೊಡುವ ಗಡ್ಡದ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾವ ಗದ್ದೆಗೂ ಇಲ್ಲ."

"ಹಾಗಾದರೆ ಕುಡಿಯೋಕಾ?"

"ದಯವಿಟ್ಟು ಕುಡಿಯಬೇಡಿ," ಎಂದು ಆತ ಗಾಬರಿಯಿಂದ ಹೇಳಿದ.

ಮಂಡ್ಯದ ಕಡೆ ನೀರಾವರಿ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ನಾಲೆಯ ಏರಿಯ ಮೇಲೆ ಓಡಾಡಿದವಳು ನಾನು. ನಮ್ಮಲ್ಲಿ ನಾಲೆಯೆಂದರೆ ಜಗಳ. ಮೇಲಿನ ಊರಿನವರು ತೂಬು ತೆಗೆದರೆ ಕೊನೆಯ ಊರಿನವರು ನನ್ನ ಜೀಪಿಗೆ ಅಡ್ಡ ನಿಲ್ಲುತ್ತಾರೆ. ಹನಿ ನೀರಿಗೂ ಒಬ್ಬ ವಾರಸುದಾರ ಇರುತ್ತಾನೆ. ಇಲ್ಲಿ ನೋಡಿದರೆ ದಂಡೆ ತುಂಬಿ ನಿಂತ ನಾಲೆ, ಕೇಳುವವರೇ ಇಲ್ಲ. ಎರಡು ಬಾತುಕೋಳಿ, ಒಂದು ನಾಯಿ, ಮೀನಿನ ಗಾಳ ಹಿಡಿದು ತೂಕಡಿಸುತ್ತಿದ್ದ ಒಬ್ಬ ಮುದುಕ. ನನಗೆ ಹೊಟ್ಟೆಯೇ ಉರಿಯಿತು.

ನನ್ನನ್ನು ಇಲ್ಲಿಗೆ ಎಳೆದು ತಂದವಳು ಗ್ರೇಸಿ. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರು. ಒಂದೇ ಬೆಂಚು, ಒಂದೇ ಡ್ರಾಯಿಂಗ್ ಬೋರ್ಡು. ಓದು ಮುಗಿದ ಮೇಲೆ ನಾನು ನಾಲೆಗೆ ಬಿದ್ದೆ. ಅವಳು ಮೋಹನನನ್ನು ಮದುವೆಯಾಗಿ ಇಂಗ್ಲೆಂಡಿಗೆ ಬಂದಳು. ಅವನು ಸೊಲಿಹಲ್‌ನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಅವಳು ಒಬ್ಬ ಜಿಪಿ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. "ನಿಂಗೆ ನಾಲೆ ಅಂದ್ರೆ ಪ್ರಾಣ ಅಲ್ವೇನೇ ಜಯಾ? ಬಾ, ನಮ್ಮೂರಿನ ನಾಲೆ ತೋರಿಸ್ತೀನಿ," ಎಂದು ಹಲವು ವರ್ಷ ಪತ್ರ ಬರೆದು ಬರೆದು, ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಕಳೆದ ಮೇಲೆ, ಒಂದು ಜುಲೈ ತಿಂಗಳು ನನ್ನನ್ನು ವಿಮಾನ ಹತ್ತಿಸಿದಳು.

ಐವತ್ತು ಅಡಿ ಉದ್ದದ, ಏಳಡಿಗೂ ಕಡಿಮೆ ಅಗಲದ ದೋಣಿ. ಒಳಗೆ ಅಡುಗೆಮನೆ, ಮಂಚ, ಸ್ನಾನದ ಕೋಣೆ ಎಲ್ಲ ರೈಲು ಡಬ್ಬಿಯಂತೆ ಒಂದರ ಹಿಂದೊಂದು. ಗ್ರೇಸಿಯ ಹದಿನಾರರ ಮಗಳು ರೂತ್ ಒಳಗೆ ಇಣುಕಿ, "ಇಟ್ಸ್ ಎ ಕಾರಿಡಾರ್, ಮಮ್," ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗೆಳತಿಯರ ಜೊತೆ ಮ್ಯಾಂಚೆಸ್ಟರಿಗೆ ಹೋಗುವುದು ತಪ್ಪಿತೆಂದು ಮುಖ ಊದಿಸಿಕೊಂಡೇ ಬಂದಿದ್ದಳು.

ಈ ದೋಣಿಯ ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಇದನ್ನು ಗಡ್ಡದವನು ಮೂರು ಸಲ ಹೇಳಿದ. ನಾನೂ ಗ್ರೇಸಿಯೂ ಎಂಜಿನಿಯರುಗಳಂತೆ ತಲೆಯಾಡಿಸಿದೆವು. ಮೊದಲ ಅರ್ಧ ಗಂಟೆ ಪೊದೆಯೊಳಗೇ ಕಳೆಯಿತು. ಮುಳ್ಳುಕೊಂಬೆಯೊಂದು ಗ್ರೇಸಿಯ ಟೋಪಿ ಕಿತ್ತುಕೊಂಡಿತು. ಗಾಳದ ಮುದುಕ ಎದ್ದು, ತನ್ನ ಗಾಳ, ಕುರ್ಚಿ, ಚಹಾದ ಫ್ಲಾಸ್ಕು ಎತ್ತಿಕೊಂಡು ದೂರ ಸರಿದು, "ಲವ್ಲೀ ಡೇ," ಎಂದ. ನಮ್ಮೂರಿನಲ್ಲಾಗಿದ್ದರೆ ಮೂರು ತಲೆಮಾರು ಎತ್ತಿ ಬೈಯುತ್ತಿದ್ದರು.

ನೋಲ್

ನೆಲ ಏರುತ್ತದೆ, ನೀರು ಏರುವುದಿಲ್ಲ. ಇದಕ್ಕೆ ಇನ್ನೂರು ವರ್ಷದ ಹಿಂದೆ ಈ ಜನ ಕಂಡುಕೊಂಡ ಉಪಾಯ ಲಾಕ್. ಎರಡೂ ತುದಿಗೆ ಮರದ ಕದವಿರುವ ಕಲ್ಲಿನ ತೊಟ್ಟಿ ಅದು. ದೋಣಿಯನ್ನು ಒಳಗೆ ಬಿಟ್ಟು ಕೆಳಗಿನ ಕದ ಮುಚ್ಚಿ, ಮೇಲಿನ ತೂಬು ತೆರೆದರೆ ನೀರು ತುಂಬಿ ದೋಣಿ ತಾನಾಗಿ ಮೇಲೇಳುತ್ತದೆ. ಇಳಿಯಲು ಇದರ ತಿರುಗುಮುರುಗು. ತೂಬು ಏರಿಸಿ ಇಳಿಸಲು ಕೈಯಲ್ಲಿ ತಿರುಗಿಸುವ ಒಂದು ಕಬ್ಬಿಣದ ಹ್ಯಾಂಡಲ್, ಅಷ್ಟೇ. ವಿದ್ಯುತ್ತಿಲ್ಲ, ಮೋಟಾರಿಲ್ಲ, ಕಾಯಲು ನೀರುಗಂಟಿಯೂ ಇಲ್ಲ. ಬಂದವರು ತಾವೇ ತೆರೆದು, ತಾವೇ ಮುಚ್ಚಿ ಹೋಗಬೇಕು.

"ಬೀಗ ಬೇಡ್ವೇನೇ? ಯಾರಾದ್ರೂ ತೆಗೆದು ಬಿಟ್ಟು ಹೋದ್ರೆ?" ಎಂದೆ.

"ಯಾಕೆ ಬಿಟ್ಟು ಹೋಗ್ತಾರೆ?" ಎಂದಳು ಗ್ರೇಸಿ. ಇಷ್ಟು ವರ್ಷದಲ್ಲಿ ಅವಳು ಆ ಮಟ್ಟಿಗೆ ಇಂಗ್ಲಿಷಿನವಳಾಗಿದ್ದಳು.

ಇಪ್ಪತ್ತೆರಡು ವರ್ಷದಲ್ಲಿ ನಾನು ತೂಬು ತೆಗೆಯಲು ಆರ್ಡರು ಬರೆದದ್ದೆಷ್ಟೋ. ನನ್ನ ಕೈಯಿಂದ ತೆಗೆದದ್ದು ಒಂದೂ ಇಲ್ಲ. ನೋಲ್‌ನ ಐದು ಲಾಕು ದಾಟುವಷ್ಟರಲ್ಲಿ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಕದದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ಮೊದಲು ಏನೂ ಆಗುವುದಿಲ್ಲ. ನೀರಿನ ಮಟ್ಟ ಎರಡೂ ಕಡೆ ಸಮವಾದ ಕ್ಷಣ, ಅಷ್ಟು ದೊಡ್ಡ ಕದ ಹಸುವಿನಂತೆ ಸದ್ದಿಲ್ಲದೆ ಸರಿಯುತ್ತದೆ. ಅದು ಸರಿದಾಗಲೆಲ್ಲ ನಾನು ನಗುತ್ತಿದ್ದೆನೆಂದು ಆಮೇಲೆ ಗ್ರೇಸಿ ಹೇಳಿದಳು.

ಸೊಲಿಹಲ್

ಮಾರನೆಯ ದಿನ ಬೆಳಿಗ್ಗೆ ದೋಣಿ ಹೊರಡಿಸಿದೆವು. ದಂಡೆಯಲ್ಲಿ ನಡೆಯುವವರೆಲ್ಲ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಒಬ್ಬ ಅಜ್ಜ ತನ್ನ ನಾಯಿಯ ಸಮೇತ ಒಂದು ಮೈಲಿ ನಮ್ಮ ಪಕ್ಕದಲ್ಲೇ ನಡೆಯುತ್ತ ತನ್ನ ಟೊಮ್ಯಾಟೊ ಗಿಡಗಳ ಕಷ್ಟಸುಖವನ್ನೆಲ್ಲ ಹೇಳಿ ಮುಗಿಸಿದ. ಎರಡೂ ಕಡೆ ಎತ್ತರದ ದಂಡೆ, ಕಾಡಿನಂತೆ ಮರ. ಒಂದು ಕೊಕ್ಕರೆ ನಾವು ಹತ್ತಿರ ಬಂದಾಗಲೆಲ್ಲ ಹಾರಿ ಐವತ್ತು ಗಜ ಮುಂದೆ ಕೂರುತ್ತಿತ್ತು. ಇದಾವ ದಟ್ಟ ಕಾಡೆಂದು ನಾನು ಬೆರಗಾಗಿರುವಾಗ ಗ್ರೇಸಿ, "ಮೇಲೆ ಸೊಲಿಹಲ್ ಕಣೇ. ನಮ್ಮನೆ ಇಲ್ಲಿಂದ ಹತ್ತು ನಿಮಿಷದ ನಡಿಗೆ," ಎಂದಳು.

ಕಾರಿನಲ್ಲಿ ಇಪ್ಪತ್ತು ನಿಮಿಷ ಸಾಗಿ ದೋಣಿ ಹತ್ತಿ, ಒಂದೂಕಾಲು ದಿನ ಪ್ರಯಾಣ ಮಾಡಿ, ನಾವು ಅವಳ ಮನೆಯ ಹಿತ್ತಿಲಿಗೇ ಬಂದಿದ್ದೆವು. ಅಲ್ಲೇ ವಾಸವಿದ್ದರೂ ಅವಳು ಈ ನಾಲೆಯ ಮೇಲಿನ ಸೇತುವೆಯನ್ನು ಕಾರಿನಲ್ಲಿ ದಾಟಿದ್ದಳೇ ಹೊರತು ಒಮ್ಮೆಯೂ ಕೆಳಗೆ ಬಗ್ಗಿ ನೋಡಿರಲಿಲ್ಲವಂತೆ.

ಎತ್ತರದ ಇಟ್ಟಿಗೆ ಸೇತುವೆಯ ಮೇಲೆ ಒಬ್ಬ ನಿಂತು ಕೈಬೀಸುತ್ತಿದ್ದ. ಮೋಹನ! ಮಧ್ಯಾಹ್ನದ ಶಿಫ್ಟಿಗೆ ಹೊರಟವನು, ಕತ್ತಿಗೆ ಟೈ ಕಟ್ಟಿ, ಕೈಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಹಿಡಿದಿದ್ದ. ಹಗ್ಗದ ತುದಿಗೆ ಸ್ಟೀಲಿನ ಟಿಫನ್ ಕ್ಯಾರಿಯರ್.

"ಬಿಸಿಬೇಳೆಬಾತ್ ಮಾಡಿದೀನಿ! ನಿಲ್ಸಿ!"

"ನಿಲ್ಸೋಕೆ ಬರಲ್ಲ ಕಣ್ರೀ!" ಎಂದು ಗ್ರೇಸಿ ಕಿರುಚಿದಳು. ಅದು ನಿಜ. ನಮಗೆ ಆವರೆಗೆ ದೋಣಿ ನಿಲ್ಲಿಸಲು ಗೊತ್ತಿದ್ದದ್ದು ಪೊದೆ ಒಂದೇ. ಕ್ಯಾರಿಯರ್ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ತೂಗುತ್ತ ಇಳಿಯಿತು. ಮುಂದುಗಡೆ ಕೈಚಾಚಿದ ನನಗೆ ಸಿಗಲಿಲ್ಲ, ನಡುವೆ ಗ್ರೇಸಿಗೂ ಸಿಗಲಿಲ್ಲ, ಕೊನೆಗೆ ಚುಕ್ಕಾಣಿಯ ಬಳಿ ನಿಂತಿದ್ದ ರೂತ್ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಅವಳು ನಕ್ಕದ್ದು ಆ ಪ್ರಯಾಣದಲ್ಲಿ ಅದೇ ಮೊದಲು. ಚುಕ್ಕಾಣಿ ಬಿಟ್ಟದ್ದರಿಂದ ದೋಣಿ ಹೋಗಿ ದಂಡೆಗೆ ಗುದ್ದಿತು, ತಾನಾಗಿ ನಿಂತಿತು. ಅಲ್ಲೇ ಕೂತು ಊಟ ಮಾಡಿದೆವು. ಉಪ್ಪು ಸ್ವಲ್ಪ ಮುಂದಿತ್ತು, ಯಾರೂ ಹೇಳಲಿಲ್ಲ.

ಕ್ಯಾಂಪ್ ಹಿಲ್

ಮೂರನೆಯ ದಿನ ಬೆಳಿಗ್ಗೆ ಬರ್ಮಿಂಗ್‌ಹ್ಯಾಮ್ ನಗರದ ಅಂಚು. ಮರಗಳು ಮುಗಿದು ಇಟ್ಟಿಗೆಯ ಗೋಡೆ, ಮುಚ್ಚಿದ ಕಾರ್ಖಾನೆಗಳ ಒಡೆದ ಕಿಟಕಿ, ನೀರಿನಲ್ಲಿ ತೇಲುವ ಫುಟ್‌ಬಾಲ್. ಇಲ್ಲಿಂದ ಆರು ಲಾಕು ಇಳಿಯಬೇಕು. ಅಲ್ಲಿಯವರೆಗೆ ನಾವು ಏರಿದ್ದೆವೇ ಹೊರತು ಇಳಿದಿರಲಿಲ್ಲ.

ಇಳಿಯುವಾಗ ಒಂದು ಅಪಾಯವಿದೆ. ಮೇಲಿನ ಕದದ ಕೆಳಗೆ, ನೀರಿನೊಳಗೆ, ಕಲ್ಲಿನ ಹೊಸ್ತಿಲೊಂದು ಒಳಕ್ಕೆ ಚಾಚಿರುತ್ತದೆ. ನೀರು ತುಂಬಿದ್ದಾಗ ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ಬಂದರೆ, ನೀರು ಇಳಿದಂತೆ ಹಿಂಭಾಗ ಹೊಸ್ತಿಲ ಮೇಲೇ ಕೂತು ಮುಂಭಾಗ ಮಾತ್ರ ಇಳಿಯುತ್ತದೆ. ದೋಣಿ ಮುಗ್ಗರಿಸಿ ಮುಳುಗುತ್ತದೆ. ಅದಕ್ಕೇ ದಂಡೆಯ ಕಲ್ಲಿನ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಗೆರೆಯ ಹಿಂದಕ್ಕೆ ಸರಿಯಬೇಡಿ ಎಂದು ಗಡ್ಡದವನು ಹೇಳಿದ್ದ. ನಾವು ಎಂಜಿನಿಯರುಗಳಂತೆ ತಲೆಯಾಡಿಸಿದ್ದೆವು.

ಮೊದಲ ಲಾಕು ಸುಸೂತ್ರವಾಯಿತು. ಎರಡನೆಯದರಲ್ಲಿ ರೂತ್ ಚುಕ್ಕಾಣಿ ಹಿಡಿದಿದ್ದಳು. ನಾನೂ ಗ್ರೇಸಿಯೂ ಆಚೆ ಈಚೆ ದಂಡೆಯಲ್ಲಿ ನಿಂತು ಕೆಳಗಿನ ಎರಡು ತೂಬು ತೆರೆದೆವು. ನೀರು ಭೋರೆಂದು ಹೊರಟಿತು. ರೂತ್‌ಳ ಮೊಬೈಲಿಗೆ ಮೆಸೇಜು ಬಂತು. ಅವಳು ಬಗ್ಗಿ ಓದಿದ್ದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಅಷ್ಟರಲ್ಲಿ ದೋಣಿ ಮೆಲ್ಲಗೆ ಹಿಂದಕ್ಕೆ ಸರಿದಿತ್ತು.

ಮೊದಲು ಕಿರ್ರೆನ್ನುವ ಸದ್ದು. ಆಮೇಲೆ ಅಡುಗೆಮನೆಯಲ್ಲಿ ತಟ್ಟೆಗಳು ಬಿದ್ದ ಸದ್ದು. ದೋಣಿಯ ಮೂತಿ ಕೆಳಕ್ಕೆ ಬಾಗುತ್ತಿತ್ತು, ರೂತ್ ನಿಂತಿದ್ದ ಹಿಂಬದಿ ಮೇಲೆ ಎದ್ದೇ ಇತ್ತು.

"ರೂತ್!" ಎಂದು ಕೂಗುತ್ತ ಗ್ರೇಸಿ ಹ್ಯಾಂಡಲ್ ಸಮೇತ ಮಗಳ ಕಡೆ ಓಡಿದಳು. ಹರಿಯುವ ನೀರಿನ ವೇಗವನ್ನು ಕಣ್ಣಳತೆಯಲ್ಲಿ ಹೇಳಬಲ್ಲ ನಾನು ಕಲ್ಲಿನಂತೆ ನಿಂತಿದ್ದೆ.

"ಇಳಿಸಿ! ತೂಬು ಇಳಿಸಿ!" ಎಂಬ ಕೂಗು ಹಿಂದಿನಿಂದ ಬಂತು.

ಆ ದನಿಗೆ ನನ್ನ ಕೈ ತಾನಾಗಿ ಹ್ಯಾಂಡಲ್ ತಿರುಗಿಸಿತು. ನನ್ನ ಕಡೆಯ ತೂಬು ಮುಚ್ಚಿತು. ಇನ್ನೊಂದು ಆಚೆ ದಂಡೆಯಲ್ಲಿ, ಅಲ್ಲಿ ಯಾರೂ ಇಲ್ಲ. ಕದದ ಮೇಲಿನ ಕಿರಿದಾದ ಹಲಗೆಯನ್ನು ದಾಟಲು ನಾನು ತಿರುಗುವಷ್ಟರಲ್ಲಿ, ಬೂದು ಕೋಟು ತೊಟ್ಟ ಒಬ್ಬ ಮುದುಕಿ ಅದರ ಮೇಲೆ ತನ್ನ ಮನೆಯ ಜಗಲಿ ದಾಟುವಂತೆ ದಾಟಿದಳು. ಸೊಂಟದ ಬೆಲ್ಟಿನಿಂದ ಸವೆದು ಹೊಳೆಯುತ್ತಿದ್ದ ಹ್ಯಾಂಡಲ್ ಹಿರಿದು ನಾಲ್ಕು ಸುತ್ತಿಗೆ ತೂಬು ಮುಚ್ಚಿದಳು.

ನೀರು ನಿಂತಿತು. ದೋಣಿ ಓರೆಯಾಗಿ ತೂಗಿಕೊಂಡೇ ಇತ್ತು.

"ಹುಡುಗೀ, ಅಲ್ಲೇ ಗಟ್ಟಿಯಾಗಿ ಹಿಡಕೊಂಡು ನಿಲ್ಲು, ಹಾರಬೇಡ," ಎಂದಳು ಮುದುಕಿ. ನನ್ನ ಕಡೆ ತಿರುಗಿ, "ಈಗ ಮೇಲಿನ ತೂಬು. ಅರ್ಧ ಮಾತ್ರ. ಹಾಲು ಕಾಯಿಸುವಷ್ಟು ನಿಧಾನ."

ಬೆರಳು ಬೆರಳಿನಷ್ಟೇ ನೀರು ಏರಿತು. ಆಮೇಲೆ ಒಂದು ನಿಟ್ಟುಸಿರಿನಂತೆ ದೋಣಿ ಹೊಸ್ತಿಲು ಬಿಟ್ಟು ತೇಲಿತು. ರೂತ್ ದಂಡೆಗೆ ಬಂದು ತಾಯಿಯ ಹೆಗಲಿಗೆ ಮುಖ ಒತ್ತಿ, "ಅಮ್ಮಾ, ಗೊತ್ತಾಗ್ಲಿಲ್ಲ... ನಂಗೆ ಗೊತ್ತಾಗ್ಲೇ ಇಲ್ಲ," ಎಂದು ಅತ್ತಳು. ಗ್ರೇಸಿ ಬೈಯಲು ಬಾಯಿ ತೆರೆದು, ಬೈಯದೆ, ಅವಳ ತಲೆ ನೇವರಿಸಿದಳು.

ಮುದುಕಿಯ ಹೆಸರು ಮೇಬಲ್. ವಯಸ್ಸು ಎಂಬತ್ತಕ್ಕೆ ಎರಡು ಕಡಿಮೆ. ಲಾಕಿನ ಪಕ್ಕದ ಬೆಂಚಿನಲ್ಲಿ ದಿನವೂ ಕೂರುವವಳು. ನಾನು ಕೈಮುಗಿದೆ. "ಪರವಾಗಿಲ್ಲ ಬ್ಯಾಬ್," ಎಂದಳು. ಬರ್ಮಿಂಗ್‌ಹ್ಯಾಮಿನವರು ಅಕ್ಕರೆಯಿಂದ ಎಲ್ಲರನ್ನೂ ಹಾಗೆ ಕರೆಯುತ್ತಾರಂತೆ. ನನಗೆ ನಮ್ಮ ಕಚೇರಿಯ ಬಾಬು ಅಂದಂತೆ ಕೇಳಿತು.

ಒಡೆಯದೆ ಉಳಿದ ಕಪ್ಪುಗಳಲ್ಲಿ ಚಹಾ ಮಾಡಿ ದೋಣಿಯೊಳಗೆ ಬನ್ನಿ ಎಂದು ಕರೆದೆವು. ಮೇಬಲ್ ದಂಡೆಯಲ್ಲೇ ಕೂತು ಕುಡಿದಳು. ಅವಳ ಇಂಗ್ಲಿಷು ನನಗೆ ಅರ್ಧವೂ ತಿಳಿಯದೆ, ರೂತ್ ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡಬೇಕಾಯಿತು. ಮೇಬಲ್ ಹುಟ್ಟಿದ್ದೇ ಕಲ್ಲಿದ್ದಲಿನ ದೋಣಿಯಲ್ಲಿ. ತಂದೆ ತಾಯಿ, ನಾಲ್ಕು ಮಕ್ಕಳು, ಮಂಚದಗಲದ ಒಂದು ಕೋಣೆ. ಮೊದಲು ಕುದುರೆ ಎಳೆಯುತ್ತಿತ್ತು, ಆಮೇಲೆ ಎಂಜಿನ್ ಬಂತು. ದೋಣಿ ನಿಂತರೆ ಊಟವಿಲ್ಲ, ಹಾಗಾಗಿ ಶಾಲೆಯಿಲ್ಲ. ಮದುವೆಯಾದದ್ದೂ ದೋಣಿಯವನನ್ನೇ. ಲಾರಿಗಳು ಬಂದವು, ಒಂದು ಭಾರೀ ಚಳಿಗಾಲದಲ್ಲಿ ನಾಲೆ ವಾರಗಟ್ಟಲೆ ಹೆಪ್ಪುಗಟ್ಟಿತು, ಸರಕು ಕೊಡುವವರು ಮತ್ತೆ ಇತ್ತ ತಿರುಗಲಿಲ್ಲ. ದೋಣಿ ಬಿಟ್ಟು ಫ್ಲ್ಯಾಟು ಸೇರಿದ ಮೇಲೆ ಅವಳು ಇನ್ನೊಮ್ಮೆ ದೋಣಿ ಹತ್ತಿಲ್ಲ.

"ಯಾಕೆ?" ಎಂದಳು ಗ್ರೇಸಿ. "ಈಗ ಎಷ್ಟೊಂದು ಜನ ಸುಮ್ನೆ ಖುಷಿಗೆ ಹೋಗ್ತಾರಲ್ಲ."

"ಅದಕ್ಕೇ," ಎಂದಳು ಮೇಬಲ್. "ಕೆಲಸವಿಲ್ಲದೆ ದೋಣಿಯಲ್ಲಿ ಕೂತು ನನಗೆ ಅಭ್ಯಾಸವಿಲ್ಲ. ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗೋದಿಲ್ಲ."

ರೂತ್ ಕಣ್ಣೊರೆಸಿಕೊಂಡು ಎದ್ದು, ಚುಕ್ಕಾಣಿಯ ಹಿತ್ತಾಳೆ ಹಿಡಿಯನ್ನು ಬೆರಳಿನಿಂದ ತೋರಿಸಿದಳು. "ನಾನಂತೂ ಇನ್ನು ಅದನ್ನು ಮುಟ್ಟೋದಿಲ್ಲ. ಅಮ್ಮ, ಆಂಟಿ ಇಬ್ಬರಿಗೂ ಬರೋದಿಲ್ಲ. ನಮಗೆ ಊರು ಮುಟ್ಟಿಸೋರು ಬೇಕು. ಇದು ಕೆಲಸವೇ," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಮೇಬಲ್ ಕಪ್ಪನ್ನು ಕೆಳಗಿಟ್ಟಳು. ದೋಣಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದಳು, ಅದರ ಮೈಮೇಲೆ ಬಣ್ಣದಲ್ಲಿ ಬರೆದಿದ್ದ ಹೂವುಗಳಿಗೆ ಮೂಗು ಮುರಿದಳು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಯಾರ ಕೈಯೂ ಹಿಡಿಯದೆ, ದೋಣಿಯ ಹಿಂಬದಿಗೆ ಕಾಲಿಟ್ಟಳು.

ಫಾರ್ಮರ್ಸ್ ಬ್ರಿಜ್

ಅಲ್ಲಿಂದ ಮುಂದೆ ನಮ್ಮ ದೋಣಿ ಯಾವುದಕ್ಕೂ ಗುದ್ದಲಿಲ್ಲ. ಏಳಡಿ ಅಗಲದ ಲಾಕಿಗೆ ಮೇಬಲ್ ದೋಣಿಯನ್ನು ಸೂಜಿಗೆ ದಾರ ಪೋಣಿಸಿದಂತೆ ಬಿಡುತ್ತಿದ್ದಳು. ನಾವು ಮೂವರೂ ಮುಂದೆ ಮುಂದೆ ಓಡಿ ಕದ ತೆರೆಯಬೇಕು. ತಡವಾದರೆ ಹಿಂದಿನಿಂದ ಬೈಗುಳ. ಕ್ಯಾಂಪ್ ಹಿಲ್ ಇಳಿದು, ಆಶ್ಟೆಡ್‌ನ ಆರು ಲಾಕು ಏರಿ, ತಲೆ ಬಗ್ಗಿಸಿ ದಾಟುವ ಒಂದು ಗಿಡ್ಡ ಸುರಂಗ ದಾಟಿದೆವು. ಸುರಂಗದಲ್ಲಿ ಮೇಬಲ್ ಏನೋ ಗುನುಗುತ್ತಿದ್ದಳು. ಹೊರಗೆ ಬಂದ ಕೂಡಲೇ ನಿಲ್ಲಿಸಿದಳು.

ಆಮೇಲೆ ನಗರದ ಹೊಟ್ಟೆಯೊಳಗೇ ಏರುವ ಹದಿಮೂರು ಲಾಕುಗಳ ಸಾಲು. ಮೇಲೆ ರೈಲು ಕಮಾನು, ಕಚೇರಿ ಕಟ್ಟಡಗಳ ಕಂಬಗಳು. ಒಂದು ಲಾಕಂತೂ ಕಟ್ಟಡದ ಅಡಿಯಲ್ಲೇ, ಹಾಡಹಗಲೇ ಕತ್ತಲು. ತಲೆಯ ಮೇಲೆ ಜನ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ, ಕೆಳಗೆ ನಾವು ತೂಬು ತಿರುಗಿಸುತ್ತಿರುತ್ತೇವೆ. ಸೇತುವೆಯೊಂದರ ಮೂಲೆಯ ಕಬ್ಬಿಣದಲ್ಲಿ ಬೆರಳು ಹೂತುಹೋಗುವಷ್ಟು ಆಳದ ಗೀರುಗಳಿದ್ದವು. ಕುದುರೆ ಎಳೆಯುವ ಹಗ್ಗ ಉಜ್ಜಿ ಉಜ್ಜಿ ಆದದ್ದು ಎಂದಳು ಮೇಬಲ್. ನಾನು ಬೆರಳಿಟ್ಟು ನೋಡಿದೆ. ನಮ್ಮ ಅಜ್ಜಿಯ ಮನೆಯ ಬಾವಿಕಟ್ಟೆಯ ಕಲ್ಲಿನಲ್ಲೂ ಹೀಗೇ ಇತ್ತು. ಕಬ್ಬಿಣವನ್ನು ಕೊರೆಯಬೇಕಾದರೆ ಎಷ್ಟು ಹಗ್ಗ, ಎಷ್ಟು ಕುದುರೆ, ಎಷ್ಟು ಮೇಬಲ್‌ಗಳು ಹಾದುಹೋಗಿರಬೇಕು! ಈ ನೀರು ಯಾರಿಗೂ ಅನ್ನ ಕೊಟ್ಟಿಲ್ಲ ಅಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು.

ಪ್ರತಿ ಲಾಕಿನ ಬಳಿಯೂ ಹೊಸದಾಗಿ ಹೆಸರಿನ ಫಲಕ ಹಾಕಿದ್ದರು. "ಅದರಲ್ಲಿ ಏನು ಬರೆದಿದೆ?" ಎಂದು ಮೇಬಲ್ ಕೇಳಿದಳು. ಕನ್ನಡಕ ತಂದಿಲ್ಲವೇನೋ ಎಂದು ರೂತ್ ಓದಿ ಹೇಳಿದಳು. ಮುಂದಿನದಕ್ಕೂ ಕೇಳಿದಳು. ಮೂರನೆಯದಕ್ಕೆ ರೂತ್‌ಗೆ ಅರ್ಥವಾಯಿತು, ಮೇಬಲ್‌ಗೆ ಓದಲು ಬರುವುದಿಲ್ಲ. ಆಮೇಲೆ ರೂತ್ ಯಾರೂ ಕೇಳದೆಯೇ ಪ್ರತಿಯೊಂದು ಫಲಕವನ್ನೂ ಗಟ್ಟಿಯಾಗಿ ಓದತೊಡಗಿದಳು. ಮೇಬಲ್ ಪ್ರತಿಯೊಂದಕ್ಕೂ ತಾನಿಟ್ಟ ಹೆಸರು ಹೇಳುತ್ತಿದ್ದಳು: ಅಮ್ಮನ ಕೆಟಲ್ ನೀರಿಗೆ ಬಿದ್ದ ಲಾಕು, ಕುಂಟು ಕುದುರೆ ಹಟ ಹಿಡಿದ ಲಾಕು, ಟೆಡ್ ಮೊದಲ ಸಲ ಮಾತಾಡಿಸಿದ ಲಾಕು. ಟೆಡ್ ಅವಳ ಗಂಡ.

"ಏನಂತ ಮಾತಾಡಿಸಿದ್ರು?" ಎಂದು ಗ್ರೇಸಿ ತೊಲೆಗೆ ಬೆನ್ನು ಕೊಟ್ಟು ತಳ್ಳುತ್ತಲೇ ಕೇಳಿದಳು.

"'ದಾರಿ ಬಿಡು' ಅಂದ. ನಾನು ಬಿಡಲಿಲ್ಲ."

ಗ್ಯಾಸ್ ಸ್ಟ್ರೀಟ್

ಹದಿಮೂರನೆಯ ಲಾಕು ದಾಟಿ ತಿರುಗಿದರೆ ಬೇರೊಂದೇ ಲೋಕ. ತೊಳೆದ ಇಟ್ಟಿಗೆ, ಹೂಕುಂಡ, ದಂಡೆಯುದ್ದಕ್ಕೂ ಕಾಫಿ ಅಂಗಡಿಯ ಮೇಜುಗಳು, ಐಸ್‌ಕ್ರೀಂ ತಿನ್ನುವ ಮಕ್ಕಳು. ಕಲ್ಲಿದ್ದಲು ಇಳಿಸುತ್ತಿದ್ದ ಕಟ್ಟೆಯ ಮೇಲೆ ಈಗ ಜನ ಪಾಸ್ತಾ ತಿನ್ನುತ್ತಿದ್ದರು. ಮೇಬಲ್‌ಗೆ ಬೇಸರವಾಗಬಹುದೆಂದು ನಾನು ಅವಳ ಮುಖ ನೋಡಿದೆ.

"ಎಷ್ಟು ಚೊಕ್ಕಟವಾಗಿದೆ!" ಎಂದಳು. "ನಮ್ಮ ಕಾಲದಲ್ಲಿ ಇಲ್ಲಿ ಬಿದ್ದರೆ ಮುಳುಗಿ ಸಾಯುವ ಮೊದಲು ವಾಸನೆಗೇ ಸಾಯುತ್ತಿದ್ದರು."

ಪ್ರವಾಸಿಗರ ದೋಣಿಯೊಂದು ಎದುರಿಗೆ ಬಂತು. ಮರಳಿ ಹೋಗಲು ನಮ್ಮ ದೋಣಿಯನ್ನು ತಿರುಗಿಸಬೇಕಿತ್ತು, ಅದಕ್ಕೆ ಜಾಗವೇ ಇದ್ದಂತೆ ಕಾಣಲಿಲ್ಲ. ಮೇಬಲ್ ಚುಕ್ಕಾಣಿಯನ್ನು ಸೊಂಟದಿಂದ ಒತ್ತಿ, ಒಂದೇ ಒಂದು ಸಲ ಎಂಜಿನ್ ಗುಡುಗಿಸಿ, ಐವತ್ತು ಅಡಿ ದೋಣಿಯನ್ನು ಅಲ್ಲೇ ಬುಗುರಿಯಂತೆ ತಿರುಗಿಸಿದಳು. ಆ ದೋಣಿಯವನು ಟೋಪಿ ತೆಗೆದ. ಮೇಬಲ್ ನೋಡದವಳಂತೆ ಮುಂದೆ ಹೋದಳು, ಆದರೆ ಅವಳ ಕಿವಿ ಕೆಂಪಾಗಿದ್ದನ್ನು ನಾನು ಕಂಡೆ.

ಅವಳನ್ನು ಬಸ್ಸಿಗೆ ಹತ್ತಿಸುವಾಗ ಗ್ರೇಸಿ, "ನಾಳೆ ನಾವು ಇದೇ ದಾರೀಲಿ ವಾಪಸ್ಸು ಹೊರಡ್ಬೇಕು," ಎಂದಳು. ಮೇಬಲ್ ಹ್ಯಾಂಡಲನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಕೂತಳು.

ಮತ್ತೆ ಹದಿಮೂರು

ನಾಲ್ಕನೆಯ ದಿನ ಬೆಳಿಗ್ಗೆ ಆರು ಗಂಟೆಗೆ ದೋಣಿಯ ಮಾಡಿನ ಮೇಲೆ ಯಾರೋ ಧಡಧಡ ಬಡಿದರು. ಗ್ರೇಸಿ ನೈಟಿಯಲ್ಲೇ ಬಾಗಿಲು ತೆಗೆದಳು. ಮೊದಲ ಬಸ್ಸಿಗೆ ಬಂದಿದ್ದ ಮೇಬಲ್ ದಂಡೆಯಲ್ಲಿ ನಿಂತಿದ್ದಳು. ಇವತ್ತು ಬೂದು ಕೋಟಿರಲಿಲ್ಲ, ತಲೆಗೆ ಹೂವಿನ ಸ್ಕಾರ್ಫು ಕಟ್ಟಿದ್ದಳು.

"ಹೊತ್ತು ಏರಿತು. ಇನ್ನೂ ಮಲಗಿದ್ದೀರಾ?"

ಹದಿಮೂರು ಲಾಕುಗಳ ತುದಿಗೆ ಬಂದಾಗ ಅವಳು ಚುಕ್ಕಾಣಿಯಿಂದ ಪಕ್ಕಕ್ಕೆ ಸರಿದು, "ಬಾ," ಎಂದು ರೂತ್‌ಳನ್ನು ಕರೆದಳು.

ರೂತ್ ತಲೆಯಲ್ಲಾಡಿಸಿದಳು. "ಐ ಕಾಂಟ್."

"ನಾನೂ ಒಮ್ಮೆ ಕೂರಿಸಿದ್ದೆ ಹೊಸ್ತಿಲ ಮೇಲೆ. ಇಪ್ಪತ್ತು ಟನ್ ಕಲ್ಲಿದ್ದಲಿತ್ತು. ಮಾರನೆಯ ದಿನ ಅಪ್ಪ ನನ್ನ ಕೈಗೇ ಚುಕ್ಕಾಣಿ ಕೊಟ್ಟ."

ರೂತ್ ಅಮ್ಮನ ಮುಖ ನೋಡಿದಳು. ದಂಡೆಯಲ್ಲಿದ್ದ ಗ್ರೇಸಿಯ ತುಟಿ ಬಿಳಿಚಿತ್ತು. ಅವಳು ಬೇಡ ಎನ್ನುತ್ತಾಳೆಂದೇ ನಾನು ಅಂದುಕೊಂಡೆ. "ಗೆರೆ ನೋಡ್ಕೊಂಡು ನಿಲ್ಸು ಮಗಳೇ," ಎಂದಳು ಗ್ರೇಸಿ.

ದೋಣಿ ಲಾಕಿನೊಳಗೆ ಬಂತು. ಗ್ರೇಸಿ ಮೇಲಿನ ಕದ ಮುಚ್ಚಿದಳು. ನಾನು ಕೆಳಗಿನ ತೂಬಿನ ಹತ್ತಿರ ಹ್ಯಾಂಡಲ್ ಹಿಡಿದು ನಿಂತೆ. ಮೇಬಲ್ ದಂಡೆ ಹತ್ತಿ, ಕೈಕಟ್ಟಿಕೊಂಡು, ದೋಣಿಯ ಕಡೆ ನೋಡದೆ, ಆಕಾಶ ನೋಡುತ್ತಿದ್ದಳು. ಬೇಕೆಂದೇ ಹಾಗೆ ಮಾಡಿದಳೆಂದು ಈಗಲೂ ನನ್ನ ನಂಬಿಕೆ.

"ರೆಡೀನಾ?" ಎಂದು ಕೂಗಿದೆ.

"ಬಿಡಿ ಆಂಟಿ," ಎಂದಳು ರೂತ್.

ಬಿಟ್ಟೆ. ನೀರು ಇಳಿಯಿತು. ದೋಣಿ ಗೆರೆಯಿಂದ ಒಂದು ಮೊಳ ಮುಂದೆ, ಮಟ್ಟವಾಗಿ, ಕಲ್ಲಿನ ಗೋಡೆಗಳ ನಡುವೆ ಇಳಿಯುತ್ತ ಹೋಯಿತು. ರೂತ್‌ಳ ತಲೆ ನನ್ನ ಪಾದದ ಮಟ್ಟಕ್ಕೆ ಬಂತು, ಇನ್ನೂ ಕೆಳಗೆ ಹೋಯಿತು. ಅವಳ ಕಣ್ಣು ಹಿಂದಿನ ಹೊಸ್ತಿಲ ಮೇಲೆಯೇ ನೆಟ್ಟಿತ್ತು. ನೀರಿನಿಂದ ಎದ್ದ ಆ ಕಪ್ಪು ಕಲ್ಲಿನಿಂದ ಹನಿಗಳು ತೊಟ್ಟಿಕ್ಕುತ್ತಿದ್ದವು.

ಮಟ್ಟ ಸಮವಾಯಿತು. ಕೆಳಗಿನ ಕದ ಮೆಲ್ಲಗೆ ಸರಿಯಿತು. ರೂತ್ ಎಂಜಿನ್ ಕೊಟ್ಟು, ಎರಡೂ ಗೋಡೆಗೆ ತಾಗದಂತೆ, ಬೆಳಗಿನ ಬಿಸಿಲಿಗೆ ದೋಣಿಯನ್ನು ಹೊರಡಿಸಿದಳು. ಆಗ ಮೇಬಲ್ ಆಕಾಶದಿಂದ ಕಣ್ಣು ಇಳಿಸಿ, ನಮ್ಮಿಬ್ಬರು ಎಂಜಿನಿಯರುಗಳ ಕಡೆ ತಿರುಗಿ ಗದರಿದಳು:

"ಏನು ನೋಡ್ತಾ ನಿಂತಿದ್ದೀರಿ? ಓಡಿ, ಇನ್ನೂ ಹನ್ನೆರಡಿವೆ!"

ನಾವು ಓಡಿದೆವು.